ಟೀ ಶರ್ಟಿಗೆ ತೂತು ಮೂರೋ ನಾಲ್ಕೋ? ಜೇಬು, ಸಾಕ್ಸು, ಕಾಜಾ ಎಲ್ಲ ಲೆಕ್ಕಕ್ಕೆ ಬರುತ್ತವಾ?

ಪ್ರಶ್ನೆ: ಹೊಲಿಗೆ ಅಕ್ಕ, ಚಿಕ್ಕಬಳ್ಳಾಪುರ

ಹೊಸ ಟೀ ಶರ್ಟ್ ಒಂದನ್ನು ಮೇಜಿನ ಮೇಲೆ ಇಟ್ಟು, ಇದಕ್ಕೆ ಎಷ್ಟು ತೂತು ಅಂತ ಕೇಳಿದರೆ ನೀವು ಎಷ್ಟು ಅನ್ನುತ್ತೀರಿ? ನಾನು ನಾಲ್ಕು ಅನ್ನುತ್ತೇನೆ. ಕತ್ತಿಗೆ ಒಂದು, ತೋಳಿಗೆ ಎರಡು, ಕೆಳಗೆ ಒಂದು. ಪಿಯುಸಿ ಓದುವ ನನ್ನ ಮಗ ಮೂರೇ ಅನ್ನುತ್ತಾನೆ. ಪ್ಯಾಂಟಿಗೆ ನನ್ನ ಲೆಕ್ಕ ಮೂರು, ಅವನ ಲೆಕ್ಕ ಎರಡು. ಸಾಕ್ಸಿಗೆ ಒಂದಾದರೂ ಇದೆಯಲ್ವಾ ಅಂದರೆ, ಅದಕ್ಕೆ ತೂತೇ ಇಲ್ಲ ಅಂತಾನೆ. "ಅದು ಬಾಯಿ ಅಮ್ಮ, ತೂತಲ್ಲ. ತೂತು ಅಂದರೆ ಈ ಕಡೆ ಹೊಕ್ಕರೆ ಆ ಕಡೆ ಬರಬೇಕು" ಅನ್ನೋದು ಅವನ ವಾದ.

ಸರಿ, ಜ್ಯೂಸ್ ಕುಡಿಯೋ ಸ್ಟ್ರಾಗೆ ಬಾಯಿ ಎರಡು, ತೂತು ಒಂದು ಅಂದರೆ ಒಪ್ಪಿಕೊಳ್ಳುತ್ತೇನೆ. ಆದರೆ ನಾಲ್ಕು ಬಾಯಿಗೆ ಮೂರು ತೂತು ಹೇಗೆ? ಒಂದರಲ್ಲಿ ಹೊಕ್ಕು ಇನ್ನೊಂದರಲ್ಲಿ ಬರೋದಾದರೆ ಎರಡೆರಡು ಜೋಡಿಯಾಗಿ ಎರಡೇ ಆಗಬೇಕಿತ್ತಲ್ವಾ? ಯಾಕೆ ಮೂರು ಅಂತ ಬಿಡಿಸಿ ಹೇಳೋಕೆ ಅವನಿಗೂ ಬರಲಿಲ್ಲ.

ಸುಮ್ನೆ ಟೈಂಪಾಸಿಗೆ ಕೇಳುತ್ತಿಲ್ಲ. ಬೆಳಗಿಂದ ಸಂಜೆವರೆಗೆ ನನ್ನ ಕೆಲಸವೇ ಇದು. ಬಟ್ಟೆಗೆ ಸರಿಯಾದ ಜಾಗದಲ್ಲಿ ಸರಿಯಾದ ಅಳತೆಯ ಬಾಯಿ ಬಿಡಬೇಕು. ಕಂಕುಳ ಹತ್ತಿರ ಅರ್ಧ ಇಂಚು ಕಮ್ಮಿಯಾದರೆ ಗಿರಾಕಿಗೆ ಕೈ ಎತ್ತೋಕೆ ಆಗಲ್ಲ. ಅಷ್ಟು ಕೈಗೆ ಹತ್ತಿದ ವಿಷಯದಲ್ಲಿ ಎಣಿಕೆಯೇ ಗೊತ್ತಿಲ್ಲ ಅಂದರೆ ನನಗೆ ಸಮಾಧಾನ ಇಲ್ಲ.

ನನ್ನ ಅನುಮಾನಗಳನ್ನು ಬರೆಯುತ್ತೇನೆ. ಮೊದಲು ಕಾಜಾ. ಮಷಿನ್ನಿನಲ್ಲಿ ಕಾಜಾ ಹಾಕುವಾಗ ಸುತ್ತ ದಾರ ಒತ್ತಾಗಿ ಹೊಲಿದು, ಆಮೇಲೆ ನಡುವೆ ಸೀಳುತ್ತೇವೆ. ಸೀಳುವ ತನಕ ಅಲ್ಲಿ ಗುಂಡಿ ತೂರಲ್ಲ, ಸೀಳಿದ ಮೇಲೆ ತೂರುತ್ತದೆ. ಇದು ತೂತು, ಇದರಲ್ಲಿ ನಮ್ಮಿಬ್ಬರಿಗೂ ಜಗಳ ಇಲ್ಲ.

ಜೇಬು ಹಾಗಲ್ಲ. ಮೂರು ಕಡೆ ಹೊಲಿಗೆ, ಮೇಲೆ ಬಾಯಿ. ಕೈ ಆರಾಮಾಗಿ ಒಳಗೆ ಹೋಗುತ್ತದೆ. ಆದರೆ "ಜೇಬು ತೂತಾಗಿದೆ, ಸರಿ ಮಾಡಿಕೊಡಿ" ಅಂತ ಯಾರಾದರೂ ಬಂದರೆ ಆ ಬಾಯಿಯ ಬಗ್ಗೆ ಹೇಳುತ್ತಿರಲ್ಲ. ತಳದ ಹೊಲಿಗೆ ಬಿಟ್ಟಿದೆ, ಚಿಲ್ಲರೆ ಬೀಳುತ್ತಿದೆ ಅಂತ ಹೇಳುತ್ತಿರುತ್ತಾರೆ. ಆಗ ಮಾತ್ರ ಅದು ತೂತು.

ಬ್ಲೌಸಿನ ಹುಕ್ಕು ಇನ್ನೂ ವಿಚಿತ್ರ. ಹುಕ್ಕು ಹಾಕಿಕೊಂಡ ಮೇಲೆ ಎರಡು ಹುಕ್ಕಿನ ನಡುವೆ ಸಂದಿ ಬಿಡುತ್ತದೆ. ನನ್ನ ಹತ್ತಿರ ಬರುವ ಹೆಂಗಸರಿಗೆ ಎಲ್ಲಕ್ಕಿಂತ ದೊಡ್ಡ ತಲೆನೋವು ಅದೇ. ಬ್ಲೌಸು ಬಿಚ್ಚಿ ಹ್ಯಾಂಗರಿಗೆ ಹಾಕಿದಾಗ ಆ ಸಂದಿ ಎಲ್ಲಿರುತ್ತದೆ? ಎಲ್ಲೂ ಇರಲ್ಲ. ಅದನ್ನು ಯಾರೂ ಕತ್ತರಿಸಿಲ್ಲ. ಹುಕ್ಕು ಹಾಕಿದ ತಕ್ಷಣ ಹುಟ್ಟುತ್ತದೆ. ಇದನ್ನು ಎಣಿಸಬೇಕಾ ಬೇಡವಾ?

ಕೊನೆಗೆ ಲಂಗದ ನಾಡ. ಸೊಂಟದ ಕಡೆ ಬಟ್ಟೆ ಮಡಿಚಿ ಹೊಲಿದರೆ ಒಳಗೆ ಉದ್ದಕ್ಕೂ ಒಂದು ದಾರಿ ಆಗುತ್ತದೆ. ಪಕ್ಕದ ಸೀಳಿನ ಹತ್ತಿರ ಎರಡು ಬಾಯಿ. ಪಿನ್ನಿಗೆ ನಾಡ ಸಿಕ್ಕಿಸಿ ಒಂದು ಬಾಯಲ್ಲಿ ಬಿಟ್ಟು, ಬಟ್ಟೆಯನ್ನು ನೆರಿಗೆ ನೆರಿಗೆಯಾಗಿ ಹಿಂದಕ್ಕೆ ಎಳೆಯುತ್ತಾ, ಸೊಂಟ ಪೂರ್ತಿ ಸುತ್ತಿಸಿ ಇನ್ನೊಂದು ಬಾಯಲ್ಲಿ ತೆಗೆಯುತ್ತೇವೆ. ಇಲ್ಲಿ ಮಾತ್ರ ನಾನೂ ಬಾಯಿ ಎಣಿಸುವುದಿಲ್ಲ. ನಾಡ ಒಂದೇ, ದಾರಿಯೂ ಒಂದೇ.

ಇವೆಲ್ಲಕ್ಕೂ ಹೊಂದುವ ಒಂದೇ ಲೆಕ್ಕ ಇದ್ದರೆ ದಯವಿಟ್ಟು ತಿಳಿಸಿ. ಗಣಿತ ಓದಿದವರು ಹೇಳಿದರೂ ಸರಿ, ಬೇರೆ ಕೆಲಸದವರು ತಮ್ಮ ಕಡೆಯ ತೂತಿನ ಬಗ್ಗೆ ಹೇಳಿದರೂ ಸರಿ.


ಉತ್ತರ: ಬೋರ್ ಲಾರಿ, ಗೌರಿಬಿದನೂರು

ಅಕ್ಕ, ನಿಮ್ಮ ಮಗನ ಮಾತು ನಾನು ಒಪ್ಪೋದಿಲ್ಲ. ಆ ಕಡೆ ಬಾಯಿ ಇಲ್ಲದಿದ್ದರೆ ತೂತಲ್ಲ ಅಂದರೆ ನಮ್ಮ ಕಸುಬೇ ಇಲ್ಲ. ಆರೂವರೆ ಇಂಚಿನ ಬೋರು ಕೊರೆಯುತ್ತೇವೆ. ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದರೂ ಎಷ್ಟೋ ಕಡೆ ನೀರು ಸಿಗಲ್ಲ. ಬಾಯಿ ಒಂದೇ, ಕೆಳಗೆ ಬರೀ ಕಲ್ಲು. ಅಡಿ ಲೆಕ್ಕದಲ್ಲಿ ಸಾಲ ಮಾಡಿ ದುಡ್ಡು ಕೊಟ್ಟ ರೈತನ ಮುಂದೆ ನಿಂತು ಇದು ತೂತಲ್ಲಪ್ಪ ಅನ್ನೋಕೆ ಆಗುತ್ತಾ?

ನೀರು ಬರದೆ ಬಿಟ್ಟ ಬೋರಿಗೆ ಮಕ್ಕಳು ಬಿದ್ದ ಸುದ್ದಿ ಎಷ್ಟು ಸಲ ಕೇಳಿದ್ದೇವೆ. ಅದಕ್ಕೇ 2010ರಲ್ಲಿ ಸುಪ್ರೀಂ ಕೋರ್ಟು ಬಿಟ್ಟ ಬೋರುಗಳನ್ನು ಮುಚ್ಚಲೇಬೇಕು ಅಂತ ನಿಯಮ ಹೇಳಿತು. ಗಣಿತದಲ್ಲಿ ಅದಕ್ಕೆ ಸೊನ್ನೆ ಅಂದರೂ ಮುಚ್ಚಳ ಹಾಕದೆ ಮನೆಗೆ ಹೋಗಬಾರದು. ಇದನ್ನು ಓದುವ ಯಾರ ಜಮೀನಿನಲ್ಲಾದರೂ ತೆರೆದ ಕೇಸಿಂಗ್ (ಬೋರಿನ ಬಾಯಿಗೆ ಇಳಿಸಿದ ಪೈಪು) ಇದ್ದರೆ ದಯವಿಟ್ಟು ಇವತ್ತೇ ಮುಚ್ಚಿಸಿ.

ಇನ್ನೊಂದು ಕಣ್ಣಾರೆ ಕಂಡಿದ್ದು ಹೇಳುತ್ತೇನೆ. ಕೊರೆಯುವಾಗ ಕಂಪ್ರೆಸರಿನ ಗಾಳಿ ಕಲ್ಲಿನ ಪುಡಿಯನ್ನು ಮೇಲಕ್ಕೆ ದಬ್ಬುತ್ತದೆ. ಕೆಲವು ಸಲ ಇದ್ದಕ್ಕಿದ್ದ ಹಾಗೆ ನಮ್ಮ ಬಾಯಲ್ಲಿ ಪುಡಿ ಬರೋದು ಕಮ್ಮಿಯಾಗಿ, ಪಕ್ಕದ ತೋಟದ ಹಳೇ ಬೋರಿನಿಂದ ನೀರು ಧೂಳು ಎಲ್ಲ ಬುಸ್ ಅಂತ ಚಿಮ್ಮುತ್ತದೆ. ಕೆಳಗೆ ಎಲ್ಲೋ ಕಲ್ಲಿನ ಬಿರುಕಲ್ಲಿ ಎರಡೂ ಸೇರಿವೆ ಅಂತ ಅರ್ಥ. ಆ ತೋಟದವರು ಓಡಿ ಬರುತ್ತಾರೆ, ನಮ್ಮ ನೀರು ಹೋಯ್ತು ಅಂತ. ಈಗ ಅದು ಎರಡು ತೂತೋ ಒಂದೋ? ಗಣಿತದವರು ಹೇಳಲಿ.


ಉತ್ತರ: ಗಣಿತ ಮೇಷ್ಟ್ರು, ಚಿಂತಾಮಣಿ

ಬೋರ್ ಲಾರಿಯವರು ಮುಚ್ಚಳದ ಬಗ್ಗೆ ಹೇಳಿದ್ದು ನೂರಕ್ಕೆ ನೂರು ನಿಜ. ಅಪಾಯಕ್ಕೆ ಆಳ ಮುಖ್ಯ, ಆ ಕಡೆಯ ಬಾಯಿ ಅಲ್ಲ. ಎಣಿಕೆಗೆ ಮಾತ್ರ ನಿಯಮ ಬೇರೆ.

ಟೊಪಾಲಜಿ ಅನ್ನೋ ಗಣಿತದಲ್ಲಿ ವಸ್ತುವನ್ನು ಎಳೆಯಬಹುದು, ಒತ್ತಬಹುದು, ಬಗ್ಗಿಸಬಹುದು. ಹರಿಯಬಾರದು, ಅಂಟಿಸಬಾರದು. ಇಷ್ಟರಲ್ಲಿ ಯಾವುದು ಹೋಗುವುದಿಲ್ಲವೋ ಅದನ್ನು ಮಾತ್ರ ತೂತು ಅಂತ ಎಣಿಸುತ್ತೇವೆ. ಬೋರಿನ ಬಾಯಿ ಅಗಲ ಮಾಡುತ್ತಾ ಹೋಗಿ. ಅದು ಬಾವಿಯಾಗುತ್ತದೆ, ಬಾವಿ ಕೆರೆಯಾಗುತ್ತದೆ, ಕೆರೆ ಬಯಲಾಗುತ್ತದೆ. ನೆಲವನ್ನು ಎಲ್ಲೂ ಹರಿಯಲಿಲ್ಲ, ಆದರೂ ಗುಂಡಿ ಮಾಯ. ಸಾಕ್ಸೂ ಹಾಗೆ, ಬಾಯಿ ಎಳೆದು ಎಳೆದು ಹಾಸಿದರೆ ಕರ್ಚೀಫಿನಷ್ಟು ಚಪ್ಪಟೆ. ಉದ್ದಿನ ವಡೆಯನ್ನು ಎಷ್ಟು ಎಳೆದರೂ ಅದರ ತೂತು ಹೋಗಲ್ಲ. ಹಿಡಿ ಇರುವ ಟೀ ಕಪ್ಪಿಗೂ ಅಷ್ಟೇ, ಒಂದು ತೂತು, ಅದೂ ಹಿಡಿಯಲ್ಲಿ. ಟೀ ಹಾಕುವ ಜಾಗ ಲೆಕ್ಕಕ್ಕಿಲ್ಲ.

ಈಗ ಅಕ್ಕನ ಟೀ ಶರ್ಟು. ಅದರ ಕೆಳಗಿನ ಬಾಯಿಯನ್ನು ನಾಲ್ಕು ಜನ ಹಿಡಿದು ಅಗಲವಾಗಿ ಎಳೆದು ನೆಲದ ಮೇಲೆ ಹಾಸಿದರು ಅಂದುಕೊಳ್ಳಿ. ಕೆಳಗಿನ ಬಾಯಿ ಹೊರಗಿನ ಅಂಚಾಯಿತು. ನಡುವೆ ಕತ್ತು, ಎಡತೋಳು, ಬಲತೋಳು ಮೂರು ತೂತು ಕಾಣುತ್ತವೆ. ಕೆಳಗಿನದರ ಬದಲು ಕತ್ತನ್ನೇ ಎಳೆದು ಅಂಚು ಮಾಡಿದರೂ ಉಳಿಯೋದು ಮೂರೇ. ಯಾವುದೋ ಒಂದು ಬಾಯಿ ಅಂಚಾಗಲೇಬೇಕು. ಅದಕ್ಕೇ ಬಾಯಿಗಿಂತ ತೂತು ಒಂದು ಕಮ್ಮಿ. ಜೋಡಿ ಲೆಕ್ಕ ಯಾಕೆ ಸರಿಹೋಗಲ್ಲ ಅಂದರೆ, ಕತ್ತಲ್ಲಿ ಹೊಕ್ಕಿದ್ದು ಎಡತೋಳಲ್ಲೂ ಬರಬಹುದು, ಬಲತೋಳಲ್ಲೂ ಬರಬಹುದು, ಕೆಳಗೂ ಬರಬಹುದು. ಮೂರು ಬೇರೆ ಬೇರೆ ದಾರಿ. ಉಳಿದ ದಾರಿಗಳೆಲ್ಲ ಇವನ್ನೇ ಸೇರಿಸಿ ಮಾಡಿದವು.

ಕತ್ತರಿ ಹಿಡಿದೂ ಪರೀಕ್ಷೆ ಮಾಡಬಹುದು. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಕತ್ತರಿಸಿ. ಬಟ್ಟೆ ಎರಡು ತುಂಡಾಗದ ಹಾಗೆ ಎಷ್ಟು ಸಲ ಕತ್ತರಿಸಲು ಆಗುತ್ತದೋ ಅಷ್ಟು ತೂತು. ಟೀ ಶರ್ಟಿನಲ್ಲಿ ಮೂರು ಸಲ ಆಗುತ್ತದೆ. ನಾಲ್ಕನೇ ಸಲ ಎಲ್ಲಿ ಕತ್ತರಿಸಿದರೂ ಎರಡು ತುಂಡು.

ಇದರ ಬೇರು ಹಳೆಯದು. 1750ರ ಆಸುಪಾಸಿನಲ್ಲಿ ಆಯ್ಲರ್ ಅನ್ನೋ ಗಣಿತಜ್ಞ ಒಂದು ಲೆಕ್ಕ ಕಂಡುಹಿಡಿದ. ಬೆಂಕಿಪೊಟ್ಟಣ ತೆಗೆದುಕೊಳ್ಳಿ. ಮೂಲೆ 8, ಅಂಚು 12, ಮುಖ 6. ಮೂಲೆಯಿಂದ ಅಂಚು ಕಳೆದು ಮುಖ ಕೂಡಿಸಿದರೆ 2. ತೂತಿಲ್ಲದ ಪೆಟ್ಟಿಗೆ, ಪಿರಮಿಡ್ ಯಾವುದಕ್ಕೆ ಮಾಡಿದರೂ 2 ಬರುತ್ತದೆ. 1813ರಲ್ಲಿ ಲುಯಿಲಿಯೆ ಅನ್ನೋ ಸ್ವಿಸ್ ಗಣಿತಜ್ಞ, ವಸ್ತುವಿಗೆ ಆರುಪಾರು, ಅಂದರೆ ಈ ಕಡೆಯಿಂದ ಆ ಕಡೆಗೆ ಹಾಯುವ ತೂತಿದ್ದರೆ ಉತ್ತರ ಬದಲಾಗುತ್ತದೆ ಅಂತ ತೋರಿಸಿದ. ಪ್ರತಿ ತೂತಿಗೆ 2 ಕಮ್ಮಿ. ಗೋಡೆಗೆ ಹಾಕುವ ಫೋಟೋ ಫ್ರೇಮಿನಲ್ಲಿ ಇದನ್ನು ನೋಡಬಹುದು. ನಾಲ್ಕು ಮೂಲೆಯಲ್ಲೂ ಓರೆಯಾಗಿ ಕತ್ತರಿಸಿ ಜೋಡಿಸಿರುತ್ತಾರಲ್ಲ, ಆ ಗೆರೆಗಳನ್ನೂ ಅಂಚು ಅಂತ ಎಣಿಸಿ. ಮೂಲೆ 16, ಅಂಚು 32, ಮುಖ 16. ಉತ್ತರ ಸೊನ್ನೆ, ಅಂದರೆ ಒಂದು ತೂತು. ನಾನು ತರಗತಿಗೆ ಗಾಜು ತೆಗೆದ ಹಳೇ ಫ್ರೇಮ್ ತೆಗೆದುಕೊಂಡು ಹೋಗಿ ಮಕ್ಕಳ ಕೈಗೇ ಕೊಡುತ್ತೇನೆ. ಬೋರ್ಡಿನ ಮೇಲೆ ಬರೆದರೆ ಬರದ ಖುಷಿ, ಬೆರಳಿಟ್ಟು ಎಣಿಸಿದಾಗ ಬರುತ್ತದೆ.

ಇದು ಬರೀ ಆಟದ ಗಣಿತ ಅಂದುಕೊಳ್ಳಬೇಡಿ. 2016ರ ಭೌತಶಾಸ್ತ್ರದ ನೊಬೆಲ್ ಥೌಲೆಸ್, ಹಾಲ್ಡೇನ್, ಕಾಸ್ಟರ್ಲಿಟ್ಜ್ ಮೂವರಿಗೆ ಬಂದದ್ದು ಇದೇ ಟೊಪಾಲಜಿಯನ್ನು ವಸ್ತುಗಳ ಒಳಗೆ ಕಂಡಿದ್ದಕ್ಕೆ. ಬಹುಮಾನ ಸಾರಿದ ದಿನ ಸಮಿತಿಯವರೊಬ್ಬರು ಒಂದು ಬನ್ನು, ಒಂದು ತೂತಿನ ಬೇಗಲ್, ಎರಡು ತೂತಿನ ಪ್ರೆಟ್ಜೆಲ್ ಹಿಡಿದು ತೋರಿಸಿ ವಿವರಿಸಿದರು. ತೀರಾ ತಣ್ಣಗಿನ ತೆಳು ಪದರಗಳಲ್ಲಿ ವಿದ್ಯುತ್ ಹರಿಯುವ ಪ್ರಮಾಣ ಮೆಟ್ಟಿಲು ಮೆಟ್ಟಿಲಾಗಿ, ಪೂರ್ಣ ಸಂಖ್ಯೆಗಳಲ್ಲೇ ಏರುತ್ತದೆ. ತೂತೂ ಹಾಗೆ, ಒಂದು ಇರುತ್ತದೆ ಇಲ್ಲ ಎರಡು ಇರುತ್ತದೆ, ಒಂದೂವರೆ ಇರಲ್ಲ.

ಎರಡು ಬೋರು ಬಿರುಕಲ್ಲಿ ಸೇರಿದರೆ ಒಂದು ತೂತು. ಸೇರುವ ಮುಂಚೆ ಎರಡಕ್ಕೂ ಸೊನ್ನೆ.


ಉತ್ತರ: ರೀಲರ್, ಶಿಡ್ಲಘಟ್ಟ

ಮೇಷ್ಟ್ರೇ, ನಾನು ರೇಷ್ಮೆ ಗೂಡಿನಿಂದ ನೂಲು ತೆಗೆಯುವವನು. ನಿಮ್ಮ ಲೆಕ್ಕ ನಮ್ಮ ಗೂಡಿಗೆ ಹಾಕಿದರೆ ಏನಾಗುತ್ತದೆ ನೋಡಿ. ರೇಷ್ಮೆ ಗೂಡು ಸುತ್ತಲೂ ಮುಚ್ಚಿರುತ್ತದೆ, ಒಳಗೆ ಪೊಳ್ಳು. ತೂತು ಸೊನ್ನೆ. ಊಜಿ ಹುಳ ಕೊರೆದು ಹೊರಗೆ ಬಂದ ಗೂಡಿಗೆ ಬಾಯಿ ಒಂದೇ. ನಿಮ್ಮ ಸಾಕ್ಸಿನ ಹಾಗೆ ಅದಕ್ಕೂ ಸೊನ್ನೆ. ಆದರೆ ಒಂದನ್ನು ನಾನು ದುಡ್ಡು ಕೊಟ್ಟು ತರುತ್ತೇನೆ, ಇನ್ನೊಂದನ್ನು ಆರಿಸಿ ಪಕ್ಕಕ್ಕೆ ಎಸೆಯುತ್ತೇನೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಊಜಿ ನೊಣ ರೇಷ್ಮೆ ಹುಳುವಿನ ಮೈ ಮೇಲೆ ಮೊಟ್ಟೆ ಇಡುತ್ತದೆ. ಮರಿ ಹುಳುವಿನ ಒಳಗೆ ಹೊಕ್ಕು ತಿಂದು ಬೆಳೆಯುತ್ತದೆ. ಹೊಕ್ಕ ಜಾಗದಲ್ಲಿ ಕಪ್ಪು ಚುಕ್ಕೆ ಕಾಣುತ್ತದೆ. ಹುಳು ಹಣ್ಣಾಗುವ ಹೊತ್ತಿಗೆ ಊಜಿ ಹತ್ತಿದ್ದರೆ ಪಾಪ ಅದು ಗೂಡೂ ಕಟ್ಟಿರುತ್ತದೆ. ಆಮೇಲೆ ಊಜಿ ಮರಿ ಗೂಡು ಕೊರೆದು ಹೊರಗೆ ಬೀಳುತ್ತದೆ. ಕರ್ನಾಟಕಕ್ಕೆ ಈ ಪೀಡೆ ಬಂದದ್ದು 1980ರಲ್ಲಿ, ಬಂಗಾಳದ ಕಡೆಯಿಂದ. ಅವತ್ತಿನಿಂದ ಹುಳು ಮನೆಯ ಕಿಟಕಿ ಬಾಗಿಲಿಗೆಲ್ಲ ನೈಲಾನ್ ನೆಟ್ ಕಟ್ಟಬೇಕಾಗಿದೆ.

ಆ ತೂತು ಸಾಸಿವೆಗಿಂತ ಸ್ವಲ್ಪ ದೊಡ್ಡದು ಇರಬಹುದು. ಆದರೆ ಗೂಡು ಅನ್ನೋದು ಚಿಪ್ಪಲ್ಲ, ಎಳೆ. ಹುಳು ತಲೆಯನ್ನು ಇಂಗ್ಲಿಷ್ ಎಂಟರ ಆಕಾರದಲ್ಲಿ ಆಡಿಸುತ್ತಾ, ಎಲ್ಲೂ ಕಡಿಯದೆ, ಒಂದೇ ಎಳೆ ಬಿಡುತ್ತಾ ಹೋಗುತ್ತದೆ. ಮಿಶ್ರತಳಿ ಗೂಡಲ್ಲಿ ಸುಮಾರು 700 ಮೀಟರ್, ಒಳ್ಳೇ ದ್ವಿತಳಿ ಗೂಡಲ್ಲಿ 1000 ಮೀಟರಿಗೂ ಜಾಸ್ತಿ. ಪದರದ ಮೇಲೆ ಪದರ ಕೂತಿರುತ್ತದೆ, ಅಂಟು ಅವನ್ನು ಹಿಡಿದಿರುತ್ತದೆ. ಊಜಿ ಒಂದು ಕಡೆ ಕೊರೆದರೆ ಅಷ್ಟೂ ಪದರದ ಎಳೆ ಅಲ್ಲಿ ಕಡಿಯುತ್ತದೆ. ಹೊರಗಿಂದ ನೋಡಿದರೆ ಒಂದು ತೂತು. ಒಳಗೆ ಒಂದು ಎಳೆ ನೂರಾರು ತುಂಡು.

ಬಿಸಿನೀರಿಗೆ ಹಾಕಿದಾಗ ಗೊತ್ತಾಗುತ್ತದೆ. ಒಳ್ಳೇ ಗೂಡು ನೀರಲ್ಲಿ ಕುಣಿಯುತ್ತಾ ಎಳೆ ಬಿಡುತ್ತದೆ. ತೂತು ಗೂಡಿನ ಒಳಗೆ ನೀರು ತುಂಬಿ ತಳಕ್ಕೆ ಕೂರುತ್ತದೆ. ತುದಿ ಹುಡುಕಿ ಎತ್ತಿದರೆ ಸ್ವಲ್ಪ ಬಂದು ಪಟ್ ಅಂತ ಕಡಿಯುತ್ತದೆ. ಮತ್ತೆ ತುದಿ ಹುಡುಕು, ಮತ್ತೆ ಕಡಿತ. ಎಂಟು ಹತ್ತು ಗೂಡಿನ ಎಳೆ ಸೇರಿಸಿ ಒಂದು ದಾರ ಮಾಡುತ್ತಿರುತ್ತೇವೆ. ಅದರಲ್ಲಿ ಎರಡು ತೂತು ಗೂಡು ಸೇರಿದರೆ ದಾರ ಒಂದು ಕಡೆ ಸಣ್ಣ, ಒಂದು ಕಡೆ ದಪ್ಪ. ಒಂದು ಸಲ ಮಾರ್ಕೆಟ್ಟಲ್ಲಿ ಮೇಲೆ ಚೆನ್ನಾಗಿ ಕಾಣುತ್ತಿದ್ದ ಲಾಟು ಹಿಡಿದೆ. ಮನೆಗೆ ತಂದು ಸುರಿದರೆ ಅಡಿಯಲ್ಲೆಲ್ಲ ಊಜಿ. ಬೇಸಿನ್ ಮುಂದೆ ಕೂತ ಹೆಂಗಸರ ದಿನಗೂಲಿಯೂ ಹುಟ್ಟಲಿಲ್ಲ.

ಹಾಗಾಗಿ ನನ್ನ ಪ್ರಕಾರ ತೂತು ಎಣಿಸುವ ಮುಂಚೆ ಏನು ಕಡಿದುಹೋಗಿದೆ ಅಂತ ಕೇಳಬೇಕು. ಚಿಪ್ಪನ್ನು ನೋಡಿದರೆ ಸೊನ್ನೆ. ಎಳೆಯನ್ನು ನೋಡಿದರೆ ಅಷ್ಟೂ ನಷ್ಟ.


ಉತ್ತರ: ಚಾಂಪಿಯನ್ ರೀಫ್ ಹುಡುಗ, ಕೆಜಿಎಫ್

ನಮ್ಮ ತಂದೆ ಗಣಿಯಲ್ಲಿ ಕೆಲಸ ಮಾಡಿದವರು. ಬೋರ್ ಲಾರಿಯವರ ಎರಡು ಬೋರಿನ ಮಾತು ಓದಿ ಬರೆಯಲೇಬೇಕು ಅನ್ನಿಸಿತು.

ನಮ್ಮೂರಲ್ಲಿ ನೆಲದ ಕೆಳಗೆ ಮೂರು ಕಿಲೋಮೀಟರಿಗೂ ಜಾಸ್ತಿ ಆಳದವರೆಗೆ ಜನ ಹೋಗಿ ಬಂದಿದ್ದಾರೆ. ಮೇಲಿನಿಂದ ನೋಡುವವರಿಗೆ ಒಂದೊಂದು ಶಾಫ್ಟೂ, ಅಂದರೆ ನೆಟ್ಟಗೆ ಕೆಳಗಿಳಿಯುವ ಗಣಿ ಬಾವಿಯೂ, ಒಂದೊಂದು ಗುಂಡಿ. ಕೆಳಗೆ ಹೋದವರಿಗೆ ಹಾಗಲ್ಲ. ಒಂದೊಂದು ಲೆವೆಲ್ಲಿನಲ್ಲೂ ಅಡ್ಡ ಸುರಂಗ ಹೊಡೆದು ಒಂದು ಶಾಫ್ಟನ್ನು ಇನ್ನೊಂದಕ್ಕೆ ಸೇರಿಸಿರುತ್ತಾರೆ. ಸೇರಿಸಲೇಬೇಕು. ಒಂದೇ ಬಾಯಿ ಇದ್ದರೆ ಗಾಳಿ ತಿರುಗಲ್ಲ. ಒಂದು ಶಾಫ್ಟಿನಲ್ಲಿ ತಣ್ಣನೆ ಗಾಳಿ ಇಳಿದು, ಬಿಸಿಗಾಳಿ ಇನ್ನೊಂದರಲ್ಲಿ ಮೇಲಕ್ಕೆ ಹೋಗಬೇಕು. ಅಷ್ಟು ಆಳದಲ್ಲಿ ಕಲ್ಲೇ ಮೈಸುಡುವಷ್ಟು ಬಿಸಿ. ಒಂದು ಕಡೆ ಏನಾದರೂ ಕುಸಿದರೆ ಇನ್ನೊಂದು ಕಡೆಯಿಂದ ಹೊರಗೆ ಬರಲು ದಾರಿಯೂ ಬೇಕು. ಮೇಷ್ಟ್ರು ಹೇಳಿದ ಆರುಪಾರು ತೂತು ಅಲ್ಲಿ ಉಸಿರಿನ ವಿಷಯ.

ಎರಡು ಶಾಫ್ಟು ಒಂದು ಸುರಂಗದಲ್ಲಿ ಸೇರಿದರೆ ಒಂದು ತೂತು ಅಂತ ಅರ್ಥವಾಯಿತು. ಅದೇ ಎರಡು ಶಾಫ್ಟಿನ ನಡುವೆ ಇನ್ನೂ ಕೆಳಗಿನ ಲೆವೆಲ್ಲಿನಲ್ಲಿ ಮತ್ತೊಂದು ಸುರಂಗ ಹೊಡೆದರೆ? ಮೇಲೆ ಬಾಯಿ ಎರಡೇ ಇರುತ್ತದಲ್ಲ?

ಕೆಲವು ತೂತು ಮುಚ್ಚಿದ್ದರೇ ಕೆಲಸ. ಸಿಡಿಮದ್ದು ತುಂಬಲು ಬಂಡೆಗೆ ಕೊರೆಯುವ ತೂತು ಆ ಕಡೆ ತೆರೆದುಕೊಂಡರೆ ಮದ್ದಿನ ಹೊಗೆ ಅಲ್ಲಿಂದಲೇ ಹೋಗಿ ಕಲ್ಲು ಸರಿಯಾಗಿ ಒಡೆಯಲ್ಲ. ಅದಕ್ಕೇ ಮದ್ದು ತುಂಬಿದ ಮೇಲೆ ಬಾಯಿಗೂ ಮಣ್ಣು ಮೆತ್ತುತ್ತಾರೆ. 1965ರಲ್ಲಿ ಚಾಂಪಿಯನ್ ರೀಫಿನಲ್ಲಿ 2.3 ಕಿಲೋಮೀಟರ್ ಆಳದಲ್ಲಿ ಉಪಕರಣ ಇಟ್ಟು, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳನ್ನು, ಅಂದರೆ ಕಲ್ಲನ್ನೂ ತೂರಿ ಹೋಗುವ ಅತಿ ಸಣ್ಣ ಕಣಗಳನ್ನು ಹಿಡಿದರು. ಆ ವಿಜ್ಞಾನಿಗಳಿಗೆ ಬೇಕಾಗಿದ್ದು ತೂತಲ್ಲ, ಬೇರೆ ಕಣಗಳನ್ನು ತಡೆಯೋಕೆ ತಲೆಯ ಮೇಲೆ ಅಷ್ಟು ದಪ್ಪ ಕಲ್ಲು. 2001ರಲ್ಲಿ ಗಣಿ ಮುಚ್ಚಿತು. ಪಂಪು ನಿಂತಿತು, ಒಳಗೆ ನೀರು ತುಂಬಿತು. ನೀರು ತುಂಬಿದರೂ ಆ ದಾರಿಗಳು ಅಲ್ಲೇ ಇವೆ.


ಉತ್ತರ: ಹೊಲಿಗೆ ಅಕ್ಕ, ಚಿಕ್ಕಬಳ್ಳಾಪುರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರು ಕತ್ತರಿ ಹಿಡಿಯಿರಿ ಅಂದರು. ನಾನು ಅದನ್ನು ಹಿಂದುಮುಂದು ಮಾಡಿ ಯೋಚಿಸಿದೆ. ಕತ್ತರಿಸಿ ಬಿಡಿಸೋದಾದರೆ, ಹೊಲಿದು ಕಟ್ಟೋದೂ ಇದೆಯಲ್ವಾ? ನಾನು ಚಪ್ಪಟೆ ತುಂಡುಗಳಿಂದ ಶುರು ಮಾಡುತ್ತೇನೆ. ಆ ತುಂಡುಗಳಿಗೆ ತೂತಿರಲ್ಲ. ಹಾಗಾದರೆ ತೂತು ಎಲ್ಲಿ ಹುಟ್ಟಿತು? ಹೊಲಿಗೆಯಲ್ಲೇ ಹುಟ್ಟಿರಬೇಕು.

ಮಷಿನ್ ಮುಂದೆ ಕೂತು ಲೆಕ್ಕ ಹಾಕಿದೆ. ಎರಡು ಬೇರೆ ತುಂಡನ್ನು ಒಂದು ಹೊಲಿಗೆಯಲ್ಲಿ ಸೇರಿಸಿದರೆ ಒಂದು ದೊಡ್ಡ ತುಂಡಾಗುತ್ತದೆ, ಅಷ್ಟೇ. ತೂತು ಬರಲ್ಲ. ಆಗಲೇ ಸೇರಿಕೊಂಡಿರುವುದನ್ನು ಮತ್ತೊಂದು ಕಡೆ ಹೊಲಿದರೆ ಆಗ ಒಂದು ತೂತು. ಹೀಗಾಗಿ ಹೊಲಿಗೆಯಿಂದ ತುಂಡು ಕಳೆದು ಒಂದು ಕೂಡಿಸಿದರೆ ತೂತು ಸಿಗುತ್ತದೆ.

ಟೀ ಶರ್ಟು: ಮುಂದೆ, ಹಿಂದೆ, ಎರಡು ತೋಳು, ಒಟ್ಟು ನಾಲ್ಕು ತುಂಡು. ಭುಜ ಎರಡು ಹೊಲಿಗೆ, ತೋಳನ್ನು ಹಾಸಿಯೇ ಕೂಡಿಸಿದ್ದು ಎರಡು, ತೋಳ ತುದಿಯಿಂದ ಕಂಕುಳು ದಾಟಿ ಸೊಂಟದವರೆಗೆ ಪಕ್ಕದ ಹೊಲಿಗೆ ಎರಡು. ಆರರಲ್ಲಿ ನಾಲ್ಕು ಕಳೆದು ಒಂದು ಕೂಡಿಸಿದರೆ ಮೂರು! ಪೈಜಾಮ: ಕಾಲು ಎರಡು ತುಂಡು. ಒಳಕಾಲಿನ ಹೊಲಿಗೆ ಎರಡು, ಮುಂದಿನ ಸೊಂಟದಿಂದ ಹಿಂದಿನ ಸೊಂಟದವರೆಗೆ ನಡುವಿನ ಹೊಲಿಗೆ ಒಂದು. ಎರಡು ತೂತು. ಆರು ಕಳಿ ಲಂಗಕ್ಕೆ ಆರು ತುಂಡು, ಆರು ಹೊಲಿಗೆ, ಒಂದು ತೂತು.

ಜೇಬು ಒಂದು ತುಂಡು, ಸುತ್ತಿ ಬರುವ ಹೊಲಿಗೆ ಒಂದು. ಏನೂ ಹೆಚ್ಚಲಿಲ್ಲ. ತಳದಲ್ಲಿ ದಾರ ಬಿಟ್ಟಿತು ಅಂದುಕೊಳ್ಳಿ. ಆ ಒಂದು ಹೊಲಿಗೆ ಎಡಕ್ಕೊಂದು ಬಲಕ್ಕೊಂದು ಅಂತ ಎರಡಾಯಿತು. ಲೆಕ್ಕದಲ್ಲೂ ಒಂದು ಹೆಚ್ಚಿತು, ಚಿಲ್ಲರೆಯೂ ಬಿತ್ತು. ಇದು ಸರಿಹೊಂದಿದಾಗ ನನಗೆ ಆದ ಸಂತೋಷ ಹೇಳತೀರದು. ಮಗನನ್ನು ಕೂಗಿ ತೋರಿಸಿದೆ.

ನಾಡದ ದಾರಿಯೂ ಹಾಗೇ. ಬಟ್ಟೆ ಮಡಿಚಿ ಹೊಲಿದರೆ ತುಂಡು ಹೆಚ್ಚಲಿಲ್ಲ, ಹೊಲಿಗೆ ಒಂದು ಹೆಚ್ಚಿತು, ದಾರಿ ಒಂದು ಬಂತು. ಬ್ಲೌಸಿನ ಹುಕ್ಕು ಒಂದೊಂದೂ ಒಂದು ಚಿಕ್ಕ ಹೊಲಿಗೆ. ಹುಕ್ಕು ಬಿಚ್ಚಿದ ಬ್ಲೌಸಿಗೆ ತೋಳಿನ ಎರಡೇ ತೂತು. ಮೊದಲ ಹುಕ್ಕು ಹಾಕಿದಾಗ ಮೈ ಸುತ್ತಿನ ತೂತು ಬರುತ್ತದೆ. ಆಮೇಲಿನ ಪ್ರತಿ ಹುಕ್ಕಿಗೂ ಒಂದು ಸಂದಿ. ಯಾರೂ ಕತ್ತರಿಸದೆ ಅದು ಎಲ್ಲಿಂದ ಬಂತು ಅಂತ ಕೇಳಿದ್ದೆನಲ್ಲ, ಇಲ್ಲಿಂದ ಬಂತು.

ಕೆಜಿಎಫ್ ಅಣ್ಣ, ನಿಮ್ಮ ಎರಡನೇ ಸುರಂಗವೂ ನನ್ನ ಲೆಕ್ಕದಲ್ಲಿ ಇನ್ನೊಂದು ಹೊಲಿಗೆ. ಆಗಲೇ ಸೇರಿದ್ದನ್ನು ಮತ್ತೆ ಸೇರಿಸಿದ್ದೀರಿ. ಹಾಗಾಗಿ ಬಾಯಿ ಎರಡೇ ಇದ್ದರೂ ತೂತು ಎರಡು ಆಗಬೇಕು. ಮೇಷ್ಟ್ರು ಸರಿನಾ ನೋಡಿ. ರೀಲರ್ ಅಣ್ಣನ ಊಜಿ ಗೂಡಿಗೆ ನನ್ನ ಲೆಕ್ಕ ಉಪಯೋಗಕ್ಕೆ ಬರಲ್ಲ. ಇಲಿ ಕಡಿದ ರೇಷ್ಮೆ ಸೀರೆ ರಫೂ ಮಾಡೋಕೆ ತಂದವರಿಗೂ ನಾನು ತೂತು ಎಣಿಸಿ ಹೇಳಲ್ಲ, ಎಷ್ಟು ಎಳೆ ಹೋಗಿದೆ ಅಂತಲೇ ಹೇಳುತ್ತೇನೆ. ರಫೂ ಕೂಲಿಯೂ ಅದರ ಮೇಲೆಯೇ.


ಉತ್ತರ: ಗಣಿತ ಮೇಷ್ಟ್ರು, ಚಿಂತಾಮಣಿ

ಎರಡನೇ ಸುರಂಗದ ಉತ್ತರ ಸರಿ. ನಿಮ್ಮ ಹೊಲಿಗೆ ಲೆಕ್ಕವೂ ಸರಿ. ಆಯ್ಲರ್ ಲೆಕ್ಕದ ಹತ್ತಿರದ ನೆಂಟ ಅದು. ಹುಳು ಮನೆಯ ನೈಲಾನ್ ನೆಟ್ಟಿಗೂ ಹೊಂದುತ್ತದೆ. ಗಂಟನ್ನು ತುಂಡು ಅಂದುಕೊಳ್ಳಿ, ಎರಡು ಗಂಟಿನ ನಡುವಿನ ಎಳೆಯನ್ನು ಹೊಲಿಗೆ ಅಂದುಕೊಳ್ಳಿ. ಪಕ್ಕಪಕ್ಕದ ಎರಡು ಕಣ್ಣಿಗೆ ಎಳೆ ಏಳು, ಗಂಟು ಆರು. ಏಳರಲ್ಲಿ ಆರು ಕಳೆದು ಒಂದು ಕೂಡಿಸಿದರೆ ಎರಡು.

ಒಂದು ಕಡೆ ಮಾತ್ರ ಹುಷಾರು. ಹೊಲಿಗೆಗೆ ಎರಡು ತುದಿ ಇರಬೇಕು. ತೋಳನ್ನು ಮೊದಲು ಕೊಳವೆ ಮಾಡಿಕೊಂಡು ಕಂಕುಳ ಸುತ್ತ ಗುಂಡಗೆ ಕೂಡಿಸುತ್ತಾರಲ್ಲ, ಆ ಹೊಲಿಗೆ ಶುರುವಾದಲ್ಲೇ ಮುಗಿಯುತ್ತದೆ. ಅದನ್ನು ಎಣಿಸಬಾರದು. ತೋಳಿನ ತೂತು, ಕಂಕುಳ ತೂತು ಎರಡೂ ಸೇರಿ ಒಂದೇ ತೂತು ಉದ್ದ ಆಯಿತು, ಹೊಸದು ಹುಟ್ಟಲಿಲ್ಲ.


ಉತ್ತರ: ಹೊಲಿಗೆ ಅಕ್ಕ, ಚಿಕ್ಕಬಳ್ಳಾಪುರ

ಹೌದು ಮೇಷ್ಟ್ರೇ, ಕೋಟಿನ ತೋಳು ಹಾಗೇ ಕೂಡಿಸೋದು. ಗುಂಡಗಿನ ಎರಡು ಹೊಲಿಗೆ ಬಿಟ್ಟು ಎಣಿಸಿದರೆ ಸರಿಹೋಗುತ್ತದೆ.

ಸ್ಕೂಲ್ ಯೂನಿಫಾರ್ಮ್ ಶರ್ಟಿಗೂ ಹಾಕಿ ನೋಡಿದೆ. ಮುಂಭಾಗ ಎರಡು, ಬೆನ್ನು, ತೋಳು ಎರಡು, ಕಾಲರ್, ಜೇಬು, ಒಟ್ಟು ಏಳು ತುಂಡು. ಭುಜ ಎರಡು, ತೋಳು ಎರಡು, ಪಕ್ಕ ಎರಡು, ಕಾಲರ್ ಒಂದು, ಜೇಬು ಒಂದು, ಒಟ್ಟು ಎಂಟು ಹೊಲಿಗೆ. ಗುಂಡಿ ಹಾಕದೆ ಬಿಟ್ಟರೆ ಎರಡು ತೂತು. ಆರು ಗುಂಡಿ ಹಾಕಿದರೆ ಎಂಟು. ಕಾಜಾ ಆರು ಬೇರೆ, ಅವು ಮಾತ್ರ ಸೀಳಿ ಮಾಡಿದ್ದು. ಒಟ್ಟು ಹದಿನಾಲ್ಕು. ಮಗ ಕಾಗದದ ಮೇಲೆ ಚಿತ್ರ ಬರೆದು ಬೇರೆಯಾಗಿ ಎಣಿಸಿದ, ಅವನಿಗೂ ಹದಿನಾಲ್ಕೇ ಬಂತು.